ಸಾಲದ ರಾತ್ರಿಗಳು

ಮಾಘ ಮಾಸಕ್ಕೆ ಈ ಸಲ ಆರು ಕಚೇರಿ.
ಆರು ರಾತ್ರಿಯ ಪಾಳಿ ಲುದ್ವಿನಾಳಿಂದ ಸಾಲ.
"ಗಂಡನೂ ಇಲ್ಲ, ನೆಂಟರೂ ಅಷ್ಟಕ್ಕಷ್ಟೆ,
ಯಾರ ಮನೆಗೆ ಸಿಸ್ಟರ್ ಇಷ್ಟು ತಿರುಗಾಟ?" ನಕ್ಕು,
ಆಸ್ಪತ್ರೆಯ ಕ್ಯಾಲೆಂಡರಿನ ಆರು ಚೌಕಕ್ಕೆ ಗೀಟೆಳೆದಳು.
ಮಾರ್ಚಿನಲ್ಲಿ ತೀರಿಸಬೇಕು. ಬಡ್ಡಿ ಬೇಡವಂತೆ.

ಯಾರ ಮನೆಗೆಂದು ಹೇಳಲಿ?
ಕರಪತ್ರದಲ್ಲಿ ಅವರ ಹೆಸರು ತೀರ ಕೆಳಗೆ,
ಮೈಕು, ಶಾಮಿಯಾನದವರಿಗಿಂತ ಒಂದೇ ಗೆರೆ ಮೇಲೆ:
ಸಂವಾದಿನಿ – ವಿಠೋಬ ಮಹಾಲೆ, ಮಾಜಾಳಿ.

ಮೂರು ವರ್ಷದ ಹಿಂದೆ ಅಂಕೋಲೆಯಲ್ಲೇ ಒಂದು ಸಂಜೆ
ಮುದಿ ಗವಾಯಿಗೆ ಗಾಂಧಾರದ ಹೊಸ್ತಿಲಲ್ಲಿ ಉಸಿರು ಕಡಿಯಿತು.
ಆ ಜಾಗ ಬಾಜಾ ತುಂಬಬಹುದಿತ್ತು. ತುಂಬಲಿಲ್ಲ.
ಮಹಾಲೆಯವರ ಬೆರಳು ಮನೆಯ ಮೇಲೆ, ಒತ್ತದೆ,
ಕೆಮ್ಮು ನಿಂತು ಮುದುಕ ತಾನೇ ಏರುವ ತನಕ.
ಇಪ್ಪತ್ತು ವರ್ಷ ವಾರ್ಡಿನಲ್ಲಿ ಕೈ ಚಾಚಿ ಚಾಚಿ
ನನಗಿನ್ನೂ ಬಾರದ ವಿದ್ಯೆ ಅದು.

ಕುಮಟೆಯದು ಮೊದಲು. ಸೊಸೈಟಿ ಹಾಲು, ಹಿಂದೆ ಮೀನುಪೇಟೆ,
ಷಡ್ಜ ಹಚ್ಚಿದಾಗ ಹೊರಗೆ ಐಸು ಒಡೆಯುವ ಸದ್ದು.
ಪುಣೆಯ ಗಾಯಕ, ರೇಷ್ಮೆ ಜುಬ್ಬಾ, ತುಂಬು ಕಂಠ.
ಜನ ಮುಖ ನೋಡಿದರು.
ಮೂರನೆಯ ಸಾಲಿನ ಎಡತುದಿಯಲ್ಲಿ ಕೂತು ನಾನು
ತಿದಿಯೊತ್ತುವ ಒಂದು ಎಡಗೈ ನೋಡಿದೆ,
ಮಲಗಿದ ಮಗುವಿಗೆ ಬೀಸುವವರ ಕೈ.

ಶಿರಸಿಗೆ ದೇವಿಮನೆ ಘಟ್ಟದ ತಿರುವು, ಮೂಗಿಗೆ ನಿಂಬೆಹಣ್ಣು.
ಅಲ್ಲಿಯ ಶ್ರೋತೃಗಳೆಂದರೆ ಅರ್ಧ ಪರೀಕ್ಷಕರು:
ತೊಡೆಯ ಮೇಲೆ ಏಕತಾಲ, ತುಟಿಯಲ್ಲಿ ತಕರಾರು,
ಕಷಾಯದ ಲೋಟ ಹಿಡಿದು ಕೋಮಲ ರಿಷಭದ ವಿಚಾರಣೆ.
ಬೆಳಗಿನ ನಾಲ್ಕಕ್ಕೆ ಬಸ್ ನಿಲ್ದಾಣದ ಕಲ್ಲುಬೆಂಚು.
ಸ್ವೆಟರ್ ತರಲಿಲ್ಲವೆಂದು ನನಗೆ ನಾನೇ ಬೈದೆ.
ಹಲ್ಲು ಕಡಿಯುವುದೂ ದ್ರುತದಲ್ಲೇ ಇತ್ತು.

ಸಿದ್ದಾಪುರದ ಬಗ್ಗೆ ಹೇಳುವಂಥದ್ದಿಲ್ಲ. ತಬಲಾದವ ಮೆರೆದ.

ಹೊನ್ನಾವರದಲ್ಲಿ ಕರೆಂಟು ಹೋಯಿತು. ಬರಲೇ ಇಲ್ಲ.
ಮೈಕು ಸತ್ತ ಮೇಲೆ ಕೇಳಿಸಿದ್ದು:
ಮರದ ಮನೆಗಳು ಏಳುವಾಗಿನ ಟಕ್ಕು,
ತಿದಿಯ ಸಣ್ಣ ಗೂರಲು,
ಅವರೂ ಒಳಗೊಳಗೆ ಹಾಡಿಕೊಳ್ಳುತ್ತಾರೆಂಬ ಗುಟ್ಟು.
ಶರಾವತಿ ಸೇತುವೆ ದಾಟುವ ಕೊನೆಯ ಬಸ್ಸಿನಲ್ಲಿ
ಟಿಕೇಟಿನ ಹಿಂದೆ ಬರೆದುಕೊಂಡೆ: ಜೋಗಕಂಸ, ಕತ್ತಲೆ.

ಯಲ್ಲಾಪುರ ತಪ್ಪಿತು.
ಲುದ್ವಿನಾಳ ಕೂಸಿಗೆ ಜ್ವರ; ಪಾಳಿ ಮರಳಿ ನನ್ನ ಕುತ್ತಿಗೆಗೆ.
ಅರಬೈಲು ಘಟ್ಟದಲ್ಲಿ ಮಗುಚಿದ ಲಾರಿಯ ಕ್ಲೀನರ್ ಹುಡುಗ,
ಹೊಲಿಗೆ ಹನ್ನೊಂದು. ಹತ್ತೂವರೆಗೆ ಅಂದುಕೊಂಡೆ,
ಈಗ ಬಡಾ ಖ್ಯಾಲು ಮುಗಿದಿರಬೇಕು.
ಹುಡುಗ ಚೀರಿದ. ಕೈ ಬಿಗಿಯಾಗಿತ್ತು ನನ್ನದು.

ಕೊನೆಗೆ ಕಾರವಾರ, ಕಡಲ ದಂಡೆ.
ಉಪ್ಪುಗಾಳಿಗೆ ತಂಬೂರಿ ಮತ್ತೆ ಮತ್ತೆ ಇಳಿದು
ಶ್ರುತಿ ಮಾಡುವುದರಲ್ಲೇ ಅರ್ಧ ಬೈರಾಗಿ ಹೋಯಿತು.
ಭೈರವಿ ಮುಗಿದು ಕುರ್ಚಿಗಳು ಮಡಚುವಾಗ
ವೇದಿಕೆಯ ಬದಿಗೆ ಸುಮ್ಮನೆ ನಿಂತಿದ್ದೆ.
ಪೆಟ್ಟಿಗೆಗೆ ಹಳೆಯ ಚಾದರ ಸುತ್ತುತ್ತ, ತಲೆಯೆತ್ತದೆ, ಅವರು:
"ಯಲ್ಲಾಪುರಕ್ಕೆ ಬರ್ಲೇ ಇಲ್ಲಲ್ರಾ?"

ಡ್ಯೂಟಿ ಇತ್ತು, ಎಂದೆ. ಅಷ್ಟೇ ಬಂತು.
"ಬಾರದ್ದೇ ಚಲೋ ಆತು. ಕರಿ ನಾಲ್ಕರ ಸ್ವರ ಕೈಕೊಡ್ತು.
ರಾತ್ರಿಯಿಡೀ ಅದನ್ನ ದಾಟ್ಕಂಡು ದಾಟ್ಕಂಡು ಹೋದೆ."
ಟೆಂಪೋದವ ಹಾರನ್ ಒತ್ತಿದ. ಪೆಟ್ಟಿಗೆ ಹೆಗಲಿಗೇರಿತು.

ಮಾರ್ಚು. ಸಾಲ ತೀರಿಸುತ್ತಿದ್ದೇನೆ.
ಏಳನೆಯ ಮಂಚದಲ್ಲಿ ಬೇಲೇಕೇರಿಯ ತಾಂಡೇಲ ಅಜ್ಜ,
ಮೂರು ಗಂಟೆಗೆ ಅವನ ಉಸಿರು ಎಲ್ಲೋ ನಿಂತು ಯೋಚಿಸುತ್ತದೆ.
ಮುಖವಾಡ ಹಿಡಿದ ಕೈ ಅರ್ಧದಲ್ಲಿ ತಡೆದು ನೋಡುತ್ತೇನೆ,
ಒಂದು ಮಾತ್ರೆ, ಎರಡು,
ಅಜ್ಜ ತಾನೇ ಏರುತ್ತಾನೆ.

ಕ್ಯಾಲೆಂಡರಿನ ಮುಂದೆ ಲುದ್ವಿನಾ ಪೆನ್ನು ಕಚ್ಚಿದಳು:
"ಐದೇ ಅಲ್ವಾ ಸಿಸ್ಟರ್? ಯಲ್ಲಾಪುರಕ್ಕೆ ನೀ ಹೋಗಲಿಲ್ಲ."
ಆರು ಅಂತಲೇ ಬರಕೋ, ಎಂದೆ.